ಮಿಲಿಟ್ರಿ ದೊಡ್ಡಪ್ಪನ ಪದಕಗಳು ಚದುರದಿರಲು: ಯಾರ ಕೈಗೆ ಕೊಡುವುದು, ಎಲ್ಲಿ ಇಡುವುದು?

ಕತ್ತರಿ ತಂದುಕೊಟ್ಟವಳು ನಾನು. 1996ರ ಮಾತು, ಆಗ ನನಗೆ 14 ವರ್ಷ. ದೊಡ್ಡಪ್ಪ ತೀರಿಕೊಂಡು ಹದಿಮೂರನೇ ದಿನದ ಊಟ ಮುಗಿದಿತ್ತು. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ಅವರ ಕಪ್ಪು ತಗಡಿನ ಟ್ರಂಕು ತೆರೆದಿದ್ದರು. ಒಳಗೆ ಆರು ಪದಕ. ಆರನ್ನೂ ಮಿಲಿಟ್ರಿ ಟೈಲರ್ ಒಬ್ಬ ಒಂದೇ ಪಟ್ಟಿಗೆ ಸಾಲಾಗಿ ಹೊಲಿದು ಕೊಟ್ಟಿದ್ದ. ದೊಡ್ಡಪ್ಪನ ಮಕ್ಕಳು ನಾಲ್ವರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಎಲ್ಲರಿಗೂ ಅಪ್ಪನದೊಂದು ನೆನಪು ಬೇಕಿತ್ತು ಅಷ್ಟೇ. ಒಳಗಿಂದ ಕತ್ತರಿ ತಾ ಅಂದರು, ತಂದುಕೊಟ್ಟೆ. ಹೊಲಿಗೆ ಬಿಚ್ಚಿತು.

ತೋಟದ ಪಾಲಿಗೆ ತಿಂಗಳುಗಟ್ಟಲೆ ಹಿಡಿಯಿತು. ಅಳತೆ, ಗಡಿಕಲ್ಲು, ರಿಜಿಸ್ಟ್ರಾರ್ ಆಫೀಸು ಎಲ್ಲ ಆಯಿತು. ಪದಕಗಳ ಪಾಲು ಮಾತ್ರ ಅರ್ಧ ಗಂಟೆಯಲ್ಲಿ ಮುಗಿಯಿತು, ಒಂದು ಸಾಲೂ ಬರೆದಿಡಲಿಲ್ಲ. ನಕ್ಷತ್ರದ ಆಕಾರದ ಪಶ್ಚಿಮಿ ಸ್ಟಾರ್ ದೊಡ್ಡ ಅಣ್ಣನ ಜೊತೆ ಮುಂಬೈಗೆ ಹೋಯಿತು. 1965ರ ರಕ್ಷಾ ಮೆಡಲ್ ಮತ್ತು 1971ರ ಸಂಗ್ರಾಮ್ ಮೆಡಲ್ ಎರಡನೆಯವನಿಗೆ, ಸೈನ್ಯ ಸೇವಾ ಮೆಡಲ್ ಅಕ್ಕನಿಗೆ. ಸ್ವಾತಂತ್ರ್ಯದ 25ನೇ ವರ್ಷದ ಪದಕ, 9 ವರ್ಷದ ಸೇವೆಯ ಪದಕ, ಜೊತೆಗೆ ಟ್ರಂಕು ಕಿರಿಯವನಿಗೆ. ಪತ್ರಗಳ ಕಟ್ಟು ಯಾರಿಗೂ ಬೇಡವಾಯಿತು. ಅದು ಅಟ್ಟಕ್ಕೆ ಹೋಯಿತು, ಅರ್ಧ ಒರಲೆ ತಿಂದಿತು.

ಕಳೆದ ನಾಲ್ಕು ವರ್ಷದಿಂದ ನಾನು ಅವನ್ನೆಲ್ಲ ಮತ್ತೆ ಒಂದು ಕಡೆ ಸೇರಿಸಲು ಓಡಾಡುತ್ತಿದ್ದೇನೆ. ಈ ಓಡಾಟದಲ್ಲಿ ಎಲ್ಲ ದಾರಿಗಳನ್ನೂ ವಿಚಾರಿಸಿದೆ. ಕೆಲವನ್ನು ಮಾಡಿಯೂ ನೋಡಿದೆ. 1971ರಲ್ಲಿ 20 ವರ್ಷದವರಾಗಿದ್ದ ಸಿಪಾಯಿಗೆ ಈಗ 75ರ ಆಚೆ ಈಚೆ ವಯಸ್ಸು. ಅಂದರೆ ಮುಂದಿನ ಕೆಲವು ವರ್ಷಗಳಲ್ಲಿ ನಮ್ಮ ಕಡೆಯ ಬಹಳ ಮನೆಗಳಲ್ಲಿ ಇಂಥದೇ ಟ್ರಂಕು ತೆರೆಯುವ ದಿನ ಬರುತ್ತದೆ. ಆ ದಿನಕ್ಕೆ ಮೊದಲೇ ಇದನ್ನು ಓದಿ.

ಒಟ್ಟಿಗೇ ಯಾಕಿರಬೇಕು

ಒಂದೊಂದೇ ಪದಕ ಹೇಳುವುದು ತುಂಬ ಕಡಿಮೆ. ಸಂಗ್ರಾಮ್ ಮೆಡಲ್ ಒಂದನ್ನೇ ಹಿಡಿದು ನೋಡಿದರೆ 1971-72ರಲ್ಲಿ ಈ ಮನುಷ್ಯ ಸೇವೆಯಲ್ಲಿದ್ದ ಅಂತ ಗೊತ್ತಾಗುತ್ತದೆ, ಅಷ್ಟೇ. ಪಕ್ಕದಲ್ಲಿ ಪಶ್ಚಿಮಿ ಸ್ಟಾರ್ ಇಟ್ಟರೆ ಯುದ್ಧದ ಹೊತ್ತಿಗೆ ಪಶ್ಚಿಮದ ಗಡಿಯಲ್ಲಿದ್ದ ಅಂತ ತಿಳಿಯುತ್ತದೆ. ಪೂರ್ವಿ ಸ್ಟಾರ್ ಇದ್ದಿದ್ದರೆ ಬಾಂಗ್ಲಾದ ಕಡೆ. ಸೈನ್ಯ ಸೇವಾ ಮೆಡಲಿನ ರಿಬ್ಬನ್ ಮೇಲೆ ಒಂದು ಸಣ್ಣ ಪಟ್ಟಿ ಇರುತ್ತದೆ, ಕ್ಲಾಸ್ಪ್ ಅನ್ನುತ್ತಾರೆ, ಅದರಲ್ಲಿ ಜಾಗದ ಹೆಸರು. ದೊಡ್ಡಪ್ಪನದರಲ್ಲಿ ಹಿಮಾಲಯ ಅಂತ ಇದೆ. ಈಗ ಅಟ್ಟದಲ್ಲಿ ಉಳಿದ ಒಂದು ಇನ್‌ಲ್ಯಾಂಡ್ ಪತ್ರ ತೆಗೆಯಿರಿ. ವಿಳಾಸದಲ್ಲಿ ಊರೇ ಇಲ್ಲ, ಬರೀ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಒಳಗೆ ಬಾಲ್ದಿಯ ನೀರು ಬೆಳಗ್ಗೆ ಕಲ್ಲಾಗಿರುತ್ತದೆ ಅಂತ ಬರೆದಿದ್ದಾರೆ, ತೋಟಕ್ಕೆ ಮದ್ದು ಬಿಟ್ಟಾಯಿತಾ ಅಂತ ಕೇಳಿದ್ದಾರೆ. ಕ್ಲಾಸ್ಪ್ ಮತ್ತು ಪತ್ರ ಎರಡೂ ಒಟ್ಟಿಗೆ ಸಿಕ್ಕಿದ ದಿನವೇ ನನಗೆ ಆ ಬಾಲ್ದಿ ಎಲ್ಲಿತ್ತು ಅಂತ ಅರ್ಥವಾದದ್ದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಸೈನ್ಯದ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಸಿಪಾಯಿಯ ನಂಬರ್, ಹುದ್ದೆ, ಹೆಸರು ಒತ್ತಿರುತ್ತಾರೆ. ನಕ್ಷತ್ರದ್ದಾದರೆ ಹಿಂಬದಿಯಲ್ಲಿ ನೋಡಿ. ಎದುರಿನಿಂದ ಕಾಣುವುದಿಲ್ಲ. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಪದಕವನ್ನು ಮೆಲ್ಲಗೆ ತಿರುಗಿಸಬೇಕು, ಆಗ ನಾಣ್ಯದ ಅಂಚಿನಷ್ಟೇ ಜಾಗದಲ್ಲಿ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಎಲ್ಲದರಲ್ಲೂ ಅದೇ ನಂಬರ್. ಎಲ್ಲಿ ಚದುರಿದರೂ ಇವು ಒಬ್ಬನವೇ ಅಂತ ಹೇಳುವ ಸಾಕ್ಷಿ ಅದೊಂದೇ. ಅದಕ್ಕೇ ಬ್ರಾಸೊ ಹಾಕಿ ತಿಕ್ಕಬೇಡಿ, ಹುಣಸೆಹುಳಿ ಅಂತೂ ಬೇಡವೇ ಬೇಡ. ತಿಕ್ಕಿದಷ್ಟೂ ಅಕ್ಷರ ಸವೆಯುತ್ತದೆ.

ಮೊದಲು ಪಟ್ಟಿ, ಆಮೇಲೆ ಮಾತು

ಯಾವ ದಾರಿ ಹಿಡಿದರೂ ಮೊದಲು ಇದನ್ನು ಮಾಡಿ. ಎಲ್ಲವನ್ನೂ ಬಿಳಿ ಬಟ್ಟೆಯ ಮೇಲೆ ಹರಡಿ, ಒಂದೊಂದಕ್ಕೂ ನಂಬರ್ ಕೊಡಿ, ಎದುರು, ಹಿಂದೆ, ಅಂಚು ಮೂರರ ಫೋಟೋ ತೆಗೆಯಿರಿ. ಪದಕ ಮಾತ್ರ ಅಲ್ಲ. ಡಿಸ್ಚಾರ್ಜ್ ಬುಕ್, ಪಿಪಿಒ ಅಂದರೆ ಪಿಂಚಣಿಯ ಆದೇಶ ಪತ್ರ, ಬ್ಯಾಡ್ಜ್, ಬೆಲ್ಟಿನ ಬಕಲ್, ಎನಾಮೆಲ್ ಮಗ್, ಗುಂಪಿನ ಫೋಟೋಗಳು, ಪತ್ರಗಳು, ಕೊನೆಗೆ ಟ್ರಂಕು ಕೂಡ. ಗುಂಪಿನ ಫೋಟೋದಲ್ಲಿ ಯಾರು ಯಾರು ಅಂತ ಹೇಳಬಲ್ಲವರು ಮನೆಯಲ್ಲಿ ಒಬ್ಬರೇ ಇರುತ್ತಾರೆ, ಬಹಳ ಸಲ ಅದು ಅವರ ಹೆಂಡತಿ. ಹತ್ತಿರ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಫೋಟೋದ ಹಿಂದೆ ಮೆತ್ತಗಿನ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್ ಪೆನ್ ಬೇಡ, ಎದುರಿಗೆ ಗೆರೆ ಮೂಡುತ್ತದೆ.

ಮತ್ತೆ, ಟ್ರಂಕಿನಲ್ಲಿ ಸಿಡಿಯದ ಗುಂಡು ಸಿಕ್ಕಿದರೆ ಸುಮ್ನೆ ಇಟ್ಟುಕೊಳ್ಳಬೇಡಿ. ಲೈಸೆನ್ಸ್ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ. ಮುಟ್ಟದೆ ಪೊಲೀಸರಿಗೆ ಹೇಳಿ.

ಒಬ್ಬರ ಕೈಗೆ ಎಲ್ಲವೂ

ನಾನು ಕೊನೆಗೆ ಒಪ್ಪಿದ್ದು ಈ ದಾರಿಯನ್ನೇ, ಹೆಚ್ಚಿನ ಮನೆಗಳಿಗೆ ಇದೇ ಸರಿ ಅಂತಲೂ ಅನಿಸುತ್ತದೆ. ಆದರೆ ಹಿರಿಮಗನಿಗೆ ಅಂತ ಕಣ್ಣುಮುಚ್ಚಿ ಕೊಡುವುದಲ್ಲ. ಯಾರು ಆ ಕಥೆಗಳನ್ನು ಕೇಳಿಸಿಕೊಂಡಿದ್ದಾರೆ, ಯಾರ ಮನೆಗೆ ಉಳಿದವರು ಸಂಕೋಚವಿಲ್ಲದೆ ಬರಬಹುದು, ಯಾರು ಎರಡು ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವುದಿಲ್ಲ, ಇದನ್ನು ನೋಡಿ. ಸೊಸೆ ಆಗಬಹುದು, ಮೊಮ್ಮಗಳು ಆಗಬಹುದು. ನಮ್ಮಲ್ಲಿ ದೊಡ್ಡಪ್ಪನ ತಮ್ಮನ ಮಗಳಾದ ನನ್ನ ಕೈಗೆ ಬಂತು.

ಈ ದಾರಿಯ ದೊಡ್ಡ ದೋಷ ಏನೆಂದರೆ ಹತ್ತು ವರ್ಷ ಕಳೆದ ಮೇಲೆ ಇಟ್ಟುಕೊಂಡವರಿಗೆ ಅದು ತಮ್ಮದೇ ಅನಿಸಲು ಶುರುವಾಗುತ್ತದೆ, ಅವರ ಮಕ್ಕಳಿಗಂತೂ ಅದರ ಹಿಂದಿನ ಒಪ್ಪಂದವೇ ಗೊತ್ತಿರುವುದಿಲ್ಲ. ಹಾಗಾಗಿ ಒಂದು ಹಾಳೆ ಬರೆಯಿರಿ. ಇದು ಎಲ್ಲರದು, ಇವರು ನೋಡಿಕೊಳ್ಳುವವರು. ಬಿಡಿಬಿಡಿಯಾಗಿ ಯಾರಿಗೂ ಕೊಡುವಂತಿಲ್ಲ, ಮಾರುವಂತಿಲ್ಲ. ಇವರ ನಂತರ ಇಂಥವರು. ಅವರಿಗೂ ಆಗದಿದ್ದರೆ ಇಂಥ ಮ್ಯೂಸಿಯಂಗೆ. ಪಟ್ಟಿ ಮತ್ತು ಫೋಟೋ ಜೊತೆಗೆ ಸೇರಿಸಿ, ಎಲ್ಲರೂ ಸಹಿ ಹಾಕಿ, ಎಲ್ಲರ ಹತ್ತಿರವೂ ಒಂದೊಂದು ಪ್ರತಿ ಇರಲಿ. ನಂತರ ಯಾರು ಅನ್ನುವ ಆ ಒಂದು ಸಾಲು ತಪ್ಪಿಸಬೇಡಿ. ಉಳಿದದ್ದೆಲ್ಲ ಬರೆದು ಅದೊಂದನ್ನು ಬಿಟ್ಟರೆ ಮುಂದಿನ ತಲೆಮಾರಿನಲ್ಲಿ ಮತ್ತೆ ಕತ್ತರಿ ಬರುತ್ತದೆ.

ಯೋಧರು ಇನ್ನೂ ಬದುಕಿದ್ದರೆ ಕೆಲಸ ಬಹಳ ಸುಲಭ. ಪದಕ, ಪತ್ರ ಎಲ್ಲ ಚರ ವಸ್ತು. ಅವರೇ ಮನಸ್ಸಿಟ್ಟು ಕೈಯಾರೆ ಕೊಟ್ಟು, ಆ ಕಡೆಯವರು ತೆಗೆದುಕೊಂಡರೆ ದಾನ ಆದ ಹಾಗೆಯೇ, ರಿಜಿಸ್ಟ್ರಿ ಬೇಕಿಲ್ಲ. ಆದರೂ ಒಂದು ಪತ್ರ ಬರೆಸಿಕೊಳ್ಳಿ. ತಮ್ಮ ನಂತರವೇ ಹೋಗಲಿ ಅಂತಿದ್ದರೆ ವಿಲ್‌ನಲ್ಲಿ ಪದಕಗಳ ಹೆಸರು ಹಿಡಿದು ಬರೆಸಿ. ಮನೆಯ ಸಾಮಾನು ಅಂತ ಒಟ್ಟಾರೆ ಬರೆದರೆ ಪಾಲಿನಲ್ಲಿ ಹೋಗುತ್ತದೆ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯ ಅಲ್ಲ. ಮುಸ್ಲಿಂ ಮನೆಗಳಲ್ಲಿ ಹಿಬಾ ಸಲೀಸು: ಕೊಟ್ಟೆ ಅನ್ನುವುದು, ತೆಗೆದುಕೊಂಡೆ ಅನ್ನುವುದು, ವಸ್ತು ಕೈ ಬದಲಾಗುವುದು.

ಉಳಿದ ಮಕ್ಕಳಿಗೆ ಏನು? ಇದು ನ್ಯಾಯವಾದ ಪ್ರಶ್ನೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಕಂಟೋನ್ಮೆಂಟ್ ಇರುವ ಊರುಗಳ ಮಿಲಿಟ್ರಿ ಟೈಲರ್ ಅಂಗಡಿಗಳಲ್ಲಿ ಅದೇ ಪದಕಗಳ ನಕಲು, ಚಿಕ್ಕ ಗಾತ್ರದವು, ಬರೀ ರಿಬ್ಬನ್ ಪಟ್ಟಿ ಎಲ್ಲ ಸಿಗುತ್ತದೆ. ಆರೂ ಇರುವ ಒಂದು ಪೂರ್ತಿ ಸಾಲನ್ನು ಒಂದು ದೊಡ್ಡ ಫೋಟೋದ ಜೊತೆ ಫ್ರೇಮ್ ಮಾಡಿಸಿ ಪ್ರತಿಯೊಬ್ಬರಿಗೂ ಕೊಡಿ. ಹಿಂಬದಿಯಲ್ಲಿ ನಕಲು ಅಂತ ಕೆತ್ತಿಸಿ, ಮುಂದೆ ಗೊಂದಲ ಆಗಬಾರದು. ನಮ್ಮ ಅಕ್ಕ ತನ್ನ ಪಾಲಿನ ಪದಕ ವಾಪಸ್ ಕೊಟ್ಟದ್ದು ಈ ಫ್ರೇಮ್ ಕೈಗೆ ಬಂದ ಮೇಲೆಯೇ. ಇಪ್ಪತ್ತೈದು ವರ್ಷ ಅವಳ ಹತ್ತಿರ ಒಂದೇ ಇತ್ತು, ಈಗ ಅಪ್ಪನ ಪೂರ್ತಿ ಸಾಲೇ ಗೋಡೆ ಮೇಲಿದೆ ಅಂದಳು.

ತರವಾಡು ಮನೆಯಲ್ಲಿ

ಕೇಳಲು ಇದರಷ್ಟು ಚಂದದ ದಾರಿ ಇಲ್ಲ. ತರವಾಡು ಅಂದರೆ ಕುಟುಂಬದ ಮೂಲ ಮನೆ, ಯಾರ ಸ್ವಂತದ್ದೂ ಅಲ್ಲ, ಎಲ್ಲರೂ ಬರುವ ಮನೆ, ನಾನೂ ಮೊದಲು ಇದನ್ನೇ ಅಂದುಕೊಂಡಿದ್ದೆ. ಆದರೆ ನಿಜ ಹೇಳಿ, ನಿಮ್ಮ ತರವಾಡಿನ ಬಾಗಿಲು ವರ್ಷಕ್ಕೆ ಎಷ್ಟು ದಿನ ತೆರೆದಿರುತ್ತದೆ? ನಮ್ಮದು ಭೂತದ ಕೋಲಕ್ಕೆ, ನಾಗತಂಬಿಲದ ಪೂಜೆಗೆ, ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಿದ ಕೋಣೆಯಲ್ಲಿ ರಿಬ್ಬನ್ ಬೂಷ್ಟು ಹಿಡಿಯುತ್ತದೆ, ಪಿನ್ ತುಕ್ಕು ಹಿಡಿದು ಆ ತುಕ್ಕು ಬಟ್ಟೆಗೆ ಇಳಿಯುತ್ತದೆ, ಕಾಗದ ಒರಲೆಯ ಪಾಲು. ವರ್ಷವಿಡೀ ಜನ ಇರುವ ತರವಾಡಾದರೆ ಮಾತ್ರ ಯೋಚಿಸಿ. ಆಗಲೂ ಒಬ್ಬರ ಹೆಸರು ಬೇಕೇ ಬೇಕು. ಎಲ್ಲರದು ಅಂದರೆ ಮಳೆಗಾಲದಲ್ಲಿ ಪೆಟ್ಟಿಗೆ ತೆರೆದು ನೋಡುವವರು ಯಾರೂ ಇಲ್ಲ.

ಕುಟುಂಬದ ಟ್ರಸ್ಟ್ ಮಾಡಿ ಅಂತಲೂ ಕೆಲವರು ಹೇಳುತ್ತಾರೆ. ಆಸ್ತಿಗಾಗಿ ಈಗಾಗಲೇ ಟ್ರಸ್ಟ್ ಇದ್ದರೆ ಅದರಲ್ಲಿ ಸೇರಿಸಿ. ಆರು ಪದಕಕ್ಕಾಗಿಯೇ ಹೊಸದಾಗಿ ಮಾಡುವಷ್ಟು ಕೆಲಸ ಬೇಡ.

ರೆಜಿಮೆಂಟಿನ ಮ್ಯೂಸಿಯಂಗೆ

ಮುಂದಿನ ತಲೆಮಾರಿನಲ್ಲಿ ಯಾರಿಗೂ ಆಸಕ್ತಿ ಇಲ್ಲ, ಎಲ್ಲರೂ ಗಲ್ಫ್‌ನಲ್ಲಿ, ಬೆಂಗಳೂರಿನಲ್ಲಿ ಇದ್ದಾರೆ ಅನ್ನುವ ಮನೆಗೆ ಇದೇ ಮೊದಲ ಆಯ್ಕೆ. ದೊಡ್ಡಪ್ಪ ಇದ್ದದ್ದು ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ 1780ರಿಂದ ನಡೆದು ಬಂದ ಮದ್ರಾಸ್ ಎಂಜಿನಿಯರ್ ಗ್ರೂಪ್ (ಎಂಇಜಿ). ಅದರ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ, ಮ್ಯೂಸಿಯಂ ಕೂಡ ಅಲ್ಲೇ. ಕಾಸರಗೋಡಿನಿಂದ ಸಂಜೆ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು. ಮದ್ರಾಸ್ ರೆಜಿಮೆಂಟಿನವರದಾದರೆ ನೀಲಗಿರಿಯ ವೆಲಿಂಗ್ಟನ್, ತೋಪುಪಡೆಯವರಿಗೆ ನಾಸಿಕ್, ಸಿಗ್ನಲ್ಸ್‌ನವರಿಗೆ ಜಬಲ್ಪುರ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ನಮಗೆ ಹತ್ತಿರ. 2021ರಲ್ಲಿ ಅವರ ಸನ್ನಿ ಸೈಡ್ ಮನೆಯಲ್ಲೇ ಆಯಿತು, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲೇಬೇಕಾದ ಜಾಗ. ಆದರೆ ಅದು ಮುಖ್ಯವಾಗಿ ಒಬ್ಬ ಜನರಲ್‌ನ ಬದುಕಿನ ಸುತ್ತ ಇರುವಂಥದ್ದು. ಸಾಮಾನ್ಯ ಸಿಪಾಯಿಯ ಟ್ರಂಕಿಗೆ ಅವನ ಸ್ವಂತ ರೆಜಿಮೆಂಟೇ ಸರಿಯಾದ ಮನೆ.

ಹೋಗುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಸಂಗ್ರಾಮ್ ಮೆಡಲ್‌ನಂಥವು ಲಕ್ಷಾಂತರ ಜನರಿಗೆ ಸಿಕ್ಕಿದವು, ಅಂಥವು ಮ್ಯೂಸಿಯಂಗಳಲ್ಲಿ ಈಗಾಗಲೇ ಇರುತ್ತವೆ. ಅವರ ಕಣ್ಣು ಅರಳುವುದು ಪದಕದ ಜೊತೆ ಪತ್ರ, ಫೋಟೋ, ಡಿಸ್ಚಾರ್ಜ್ ಬುಕ್ ಎಲ್ಲ ಸೇರಿ ಬಂದಾಗ. ಅಂದರೆ ಒಡೆಯದ ಸಂಗ್ರಹಕ್ಕೆ ಅಲ್ಲೂ ಬೆಲೆ ಜಾಸ್ತಿ. ಕೊಡುವಾಗ ಈ ನಾಲ್ಕನ್ನು ಕೇಳಿ: ದಾನವಾ, ಸಾಲವಾ? ಒಂದೇ ಹೆಸರಿನಲ್ಲಿ ಒಂದೇ ಕಡೆ ಇಡುತ್ತೀರಾ? ಬೇಡವಾದ ದಿನ ನಮಗೇ ವಾಪಸ್ ಕೊಡುತ್ತೀರಾ? ಮನೆಯವರು ಬಂದರೆ ತೆಗೆದು ತೋರಿಸುತ್ತೀರಾ? ಯಾವಾಗಲೂ ಗಾಜಿನ ಪೆಟ್ಟಿಗೆಯಲ್ಲೇ ಇಡಬೇಕು ಅಂತ ಹಟ ಹಿಡಿಯಬೇಡಿ, ಯಾರೂ ಒಪ್ಪುವುದಿಲ್ಲ, ನಿಜಕ್ಕೂ ಕತ್ತಲಿನ ಡ್ರಾಯರ್ ರಿಬ್ಬನ್ನಿಗೆ ಒಳ್ಳೆಯದು. ಒಟ್ಟಿಗೆ ಇಡಬೇಕು ಅನ್ನುವುದಕ್ಕೆ ಮಾತ್ರ ಹಟ ಹಿಡಿಯಿರಿ. ಪಟ್ಟಿಯ ಮೇಲೆ ಸೀಲು, ಸಹಿ ಇರುವ ರಸೀದಿ ಇಲ್ಲದೆ ಏನನ್ನೂ ಕೊಟ್ಟು ಬರಬೇಡಿ.

ನಮ್ಮ ಕಡೆಯವರಿಗೆ ಇನ್ನೊಂದು ಕಷ್ಟ ಇದೆ. ಪತ್ರಗಳು ಕನ್ನಡದಲ್ಲಿವೆ, ನಡುನಡುವೆ ತುಳು. ಜಬಲ್ಪುರದಲ್ಲೋ ನಾಸಿಕ್‌ನಲ್ಲೋ ಅದನ್ನು ಓದುವವರು ಯಾರು? ಬೆಂಗಳೂರಿನಲ್ಲೇ ಆ ಕೈಬರಹ ಎಲ್ಲರಿಗೂ ಓದಲು ಆಗುವುದಿಲ್ಲ. ನಮ್ಮ ಮನೆಯಲ್ಲೇ ಮಲಯಾಳಂ ಮೀಡಿಯಂ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮಕ್ಕಳು ತಡವರಿಸುತ್ತಾರೆ. ಕೊಡುವ ಮೊದಲು ಪ್ರತಿ ಪತ್ರವನ್ನೂ ಟೈಪ್ ಮಾಡಿಸಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಸಾರಾಂಶ ಬರೆಯಿರಿ. ಮೂಲ ಪತ್ರಗಳನ್ನು ಮನೆಯಲ್ಲೇ ಇಟ್ಟು ಒಳ್ಳೆಯ ಸ್ಕ್ಯಾನ್ ಪ್ರತಿಗಳನ್ನು ಮ್ಯೂಸಿಯಂಗೆ ಕೊಡುವುದನ್ನೂ ಯೋಚಿಸಿ. ನಾನು ಒಪ್ಪುವ ಒಡಕು ಇದೊಂದೇ, ಯಾಕೆಂದರೆ ಓದುವವರಿಲ್ಲದ ಕಡೆ ಪತ್ರ ಇದ್ದೂ ಇಲ್ಲದ ಹಾಗೆ.

ಊರಿನ ಶಾಲೆ, ವಾಚನಾಲಯ, ಕ್ಲಬ್ಬು

ಮಂಜೇಶ್ವರದಲ್ಲಿ ಗೋವಿಂದ ಪೈಗಳ ನೆನಪಿಗೆ ಗಿಳಿವಿಂಡು ಅನ್ನುವ ಸ್ಮಾರಕ ಇದೆ. ಸಿಪಾಯಿಗಳಿಗೂ ಊರಿನಲ್ಲಿ ಅಂಥದೊಂದು ಜಾಗ ಇರಲಿ ಅನ್ನುವ ಆಸೆ ನನಗೂ ಇತ್ತು. ದೊಡ್ಡಪ್ಪನ ಯೂನಿಫಾರ್ಮ್ ಫೋಟೋ, ಒಂದು ಮಗ್, ಟೋಪಿಯ ಬ್ಯಾಡ್ಜ್ ಇಷ್ಟನ್ನು ಒಂದು ಶಾಲೆಗೆ ಕೊಟ್ಟೆವು. ಆಗಿನ ಹೆಡ್‌ಮಾಸ್ಟರಿಗೆ ತುಂಬ ಆಸಕ್ತಿ ಇತ್ತು, ಆಫೀಸಿನ ಎದುರೇ ಕಪಾಟಿನಲ್ಲಿ ಇಡಿಸಿದರು. ಅವರು ವರ್ಗ ಆಗಿ ಹೋದ ಮೇಲೆ ಕಪಾಟು ಜಾಗ ಬದಲಿಸಿತು, ಕಟ್ಟಡಕ್ಕೆ ಬಣ್ಣ ಹೊಡೆಯುವಾಗ ಇನ್ನೆಲ್ಲಿಗೋ ಹೋಯಿತು. ಈಗ ಫೋಟೋ ಮಾತ್ರ ಉಳಿದಿದೆ. ಯಾರನ್ನೂ ದೂರುವುದಿಲ್ಲ, ಅಲ್ಲಿ ಇದನ್ನು ನೋಡಿಕೊಳ್ಳುವುದು ಯಾರ ಕೆಲಸವೂ ಆಗಿರಲಿಲ್ಲ. ನಾವೂ ರಸೀದಿ ಕೇಳಿರಲಿಲ್ಲ.

ಆದ್ದರಿಂದ ಶಾಲೆಗೆ ಕೊಡಬೇಡಿ, ತೆಗೆದುಕೊಂಡು ಹೋಗಿ. ಆಗಸ್ಟ್ 15ಕ್ಕೆ, ಡಿಸೆಂಬರ್ 16ರ ವಿಜಯ ದಿವಸಕ್ಕೆ ಪೆಟ್ಟಿಗೆ ಹಿಡಿದು ಹೋಗಿ ಮಕ್ಕಳ ಎದುರು ತೆರೆಯಿರಿ. ಟಾರ್ಚ್ ಹಾಕಿ ಅಂಚಿನ ಹೆಸರು ಓದಿಸಿ. ಸಂಜೆ ವಾಪಸ್ ತನ್ನಿ. ಗೋಡೆಗೆ ಬೇಕಿದ್ದರೆ ನಕಲಿನ ಫ್ರೇಮ್ ಕೊಡಿ.

ಮಾರುವುದಾದರೆ

ಮನೆಯ ಕಷ್ಟಕ್ಕೆ ಮಾರಬೇಕಾಗಿ ಬಂದರೆ ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಒಟ್ಟಿಗೇ ಮಾರಿ, ಅಷ್ಟೇ. ಒಬ್ಬನದೇ ಹೆಸರಿನ ಪೂರ್ತಿ ಸಾಲು, ಜೊತೆಗೆ ಕಾಗದಪತ್ರ ಇದ್ದರೆ ಸಂಗ್ರಹ ಮಾಡುವವರು ಬಿಡಿ ಪದಕಕ್ಕಿಂತ ಹೆಚ್ಚೇ ಕೊಡುತ್ತಾರೆ. ನಕ್ಷತ್ರ ಒಂದು ಸಾಕು, ಉಳಿದದ್ದು ನೀವೇ ಇಟ್ಟುಕೊಳ್ಳಿ ಅನ್ನುವವನಿಗೆ ಕೊಡಬೇಡಿ. ಮೊದಲನೇ ಮಹಾಯುದ್ಧದ ಕಾಲದ್ದಾದರೆ ವಿಚಾರಿಸಿ ಮುಂದುವರಿಯಿರಿ. 100 ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ತಗಲಬಹುದು, ಅಂಥದ್ದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ.

ಪಾಲು ಆಗಿಯೇ ಹೋಗಿದ್ದರೆ

ಯಾರ ಹತ್ತಿರ ಏನಿದೆ ಅಂತ ಮೊದಲು ಬರೆಯಿರಿ, ವಾಪಸ್ ಕೇಳುವುದು ಆಮೇಲೆ. ಪ್ರತಿಯೊಬ್ಬರಿಂದಲೂ ಅಂಚಿನ ಫೋಟೋ ತರಿಸಿ. ಪದಕದ ಬಗ್ಗೆ ಏನೇ ಕೇಳಬೇಕಿದ್ದರೂ ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೇ ಬರೆಯಬೇಕು, ಆ ಸರ್ವಿಸ್ ನಂಬರ್ ಇಲ್ಲದೆ ಅಲ್ಲಿ ಕೆಲಸ ಮುಂದೆ ಹೋಗುವುದಿಲ್ಲ. ಅರ್ಜಿ ಹೇಗೆ ಅಂತ ತಿಳಿಯಲು ಕಾಸರಗೋಡಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಬಹುದು. ನಮ್ಮ ಡಿಸ್ಚಾರ್ಜ್ ಬುಕ್ಕಿನ ಮೊದಲ ಪುಟವನ್ನೇ ಒರಲೆ ತಿಂದಿತ್ತು. ನಂಬರ್ ಮೊದಲು ಸಿಕ್ಕಿದ್ದು ಟ್ರಂಕಿನ ಮುಚ್ಚಳದಲ್ಲಿ. ಟ್ರಂಕು ಪಾಲಿಗೆ ಬಂದಿದ್ದ ತಮ್ಮ ಅದರಲ್ಲಿ ಅಡಿಕೆ ತುಂಬಿಸಿಟ್ಟಿದ್ದ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಹೋದ ಹಾಗೆ ಬಿಳಿ ಬಣ್ಣದಲ್ಲಿ ಬರೆದ ಅಂಕಿಗಳು, ಕೆಳಗೆ ಹೆಸರು, ಅದರ ಕೆಳಗೆ ಪೆರ್ಲ ಅಂತ ಇಂಗ್ಲಿಷಿನಲ್ಲಿ, ಎಲ್ಲ ಕಾಣಿಸಿತು.

ಇಡುವ ಬಗೆ

ಎಲ್ಲ ದಾರಿಗೂ ಇದು ಒಂದೇ. ಪದಕಗಳನ್ನು ಹತ್ತಿಯ ಬಟ್ಟೆಯಲ್ಲಿ ಅಥವಾ ಆಸಿಡ್ ಇಲ್ಲದ ಕಾಗದದಲ್ಲಿ ಸುತ್ತಿ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಇಡಿ. ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ವರ್ಷ ಕಳೆದ ಹಾಗೆ ಅದು ಅಂಟುತ್ತದೆ, ಲೋಹವನ್ನೂ ಹಾಳು ಮಾಡುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ. ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಾಕಬೇಡಿ. ಎರಡನ್ನೂ ಆಮೇಲೆ ತೆಗೆಯಲು ಆಗುವುದಿಲ್ಲ. ಸ್ಕ್ಯಾನ್ ಮಾಡುವಾಗ ಫೋಟೋಗೆ 600 ಡಿಪಿಐ ಇಡಿ, ಫೈಲುಗಳ ಒಂದು ಪ್ರತಿ ಬೇರೆ ಊರಿನ ಮನೆಯಲ್ಲಿ ಇರಲಿ.

ನಮ್ಮ ಪೆಟ್ಟಿಗೆಯಲ್ಲಿ ಈಗ ನಾಲ್ಕು ಪದಕ ಇವೆ. ಸಂಗ್ರಾಮ್ ಮೆಡಲ್ ಎರಡನೇ ಅಣ್ಣ ಫ್ಲ್ಯಾಟ್ ಬದಲಿಸುವಾಗ ಕಳೆದುಹೋಯಿತು. ಅದರ ಜಾಗದಲ್ಲಿ ಹಿಂದೆ ನಕಲು ಅಂತ ಕೆತ್ತಿದ್ದನ್ನು ಇಟ್ಟಿದ್ದೇನೆ, ಹಾಳೆಯಲ್ಲೂ ಹಾಗೆಯೇ ಬರೆದಿದೆ. ಪಶ್ಚಿಮಿ ಸ್ಟಾರ್ ಇನ್ನೂ ಮುಂಬೈಯಲ್ಲಿದೆ. ಹಾಳೆಗೆ ದೊಡ್ಡ ಅಣ್ಣ ಸಹಿ ಮಾಡಿ ಕಳಿಸಿದ್ದಾನೆ, ಈ ಸಲ ಕೋಲಕ್ಕೆ ಬರುವಾಗ ತರುತ್ತಾನಂತೆ. ಸಾಲಿನಲ್ಲಿ ಮೊದಲ ಜಾಗ ಅದರದ್ದು. ಅಷ್ಟು ಜಾಗ ಬಿಟ್ಟೇ ಪಟ್ಟಿ ಹೊಲಿಸಿದ್ದೇನೆ.